ಅಂಗೈಗೆ ಬಂದ ತೊಡೆ

"ಇದು ಕೂದ್ಲೇ ಹೌದಾ, ಇಲ್ಲಾ ದಾರ ಅಂಟ್ಕಂಡೈತಾ, ಸ್ವಲ್ಪ ನೋಡವ್ವ," ಎಂದು ಸರ್ವಮಂಗಳಕ್ಕ ಎಡಗೈ ಚಾಚಿದರು.

ನಾನು ಆಗಷ್ಟೇ ಕಾಲೇಜಿನಿಂದ ಬಂದಿದ್ದೆ. ಹೆಗಲಿನ ಚೀಲವನ್ನೂ ಇಳಿಸದೆ ಅಂಗಳದ ಕೈಪಂಪಿನ ಹತ್ತಿರ ಕೂತು ಅವರ ಅಂಗೈಯನ್ನು ಬೆಳಕಿಗೆ ತಿರುಗಿಸಿದೆ. ಕೈರೇಖೆಗಳೆಲ್ಲ ಸುತ್ತಲಿಂದ ಬಂದು ಒಂದು ಅಂಚಿನಲ್ಲಿ ಥಟ್ಟನೆ ನಿಂತುಬಿಡುತ್ತಿದ್ದವು. ಅದರ ಒಳಗೆ ನುಣ್ಣನೆಯ, ಬೇರೆ ಬಣ್ಣದ ಒಂದು ತೇಪೆ. ಆ ತೇಪೆಯ ನಡುವೆ ಮೋಟಾದ ಎರಡು ಕಪ್ಪು ಕೂದಲು.

"ಕೂದಲೇ ಅಕ್ಕ. ಬೇರಿನಿಂದ ಬಂದಿದೆ. ಎಳೆದರೆ ನೋಯತ್ತಾ?"

"ಎಳೆದು ನೋಡು. ನಂಗೆ ಹೆಂಗೆ ಗೊತ್ತಾಗ್ತೈತೆ?" ಎಂದರು. ಪಕ್ಕದ ಮನೆಯವರ ಕೈ ಬಗ್ಗೆ ಹೇಳುವಂತಿತ್ತು ಆ ಮಾತು.

ಹೊಸಿಲ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದ ಅವರ ಅತ್ತೆ ಬಸವಣ್ಣೆಮ್ಮ ತಲೆಯೆತ್ತಲಿಲ್ಲ. "ಕೆಲಸ ಮಾಡದೋರ ಅಂಗೈಯಾಗೆ ಕೂದ್ಲು ಬೆಳೀತಾವೆ ಅಂತಿದ್ಲು ನಮ್ಮವ್ವ. ಕೆಲಸ ಬಿಟ್ಟು ಕೂರದೇ ಇರೋಳಿಗೂ ಬೆಳೀತಾವೆ ಅಂತ ಈಗ ಗೊತ್ತಾತು."

ನನಗಂತೂ ಕುಣಿಯಬೇಕೆನಿಸಿತು. ಏಕೆಂದರೆ ಆ ವಾರವಿಡೀ ನಮ್ಮ ಜೂವಾಲಜಿ ಕ್ಲಾಸಿನಲ್ಲಿ ನಡೆದದ್ದು ಇದೇ ಪಾಠ. ದಪ್ಪ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಮಲಗಿದ್ದ ವಿಷಯ ಎದ್ದು ಬಂದು ಮದ್ರಾಸಿನ ತಿರುವಲ್ಲಿಕೇಣಿಯ ನಮ್ಮ ಅಂಗಳದಲ್ಲಿ ಕೈ ಚಾಚಿ ಕೂತಿತ್ತು.

"ಅಕ್ಕ, ಅದು ಬಂದೇ ಬರಬೇಕು. ಕೇಳಿ. ಚರ್ಮದ ತಳದಲ್ಲಿ ಒಂದು ಪದರ ಇದೆ. ಅಲ್ಲಿ ತಾಯಿ ಕೋಶಗಳಿರ್ತವೆ. ನಮ್ಮ ಮಿಸ್ಸು ಸ್ಟೆಮ್ ಸೆಲ್ ಅಂತಾರೆ. ಒಂದು ತಾಯಿ ಒಡೆದು ಎರಡಾಗತ್ತೆ. ಒಂದು ತಾಯಿ ಥರಾನೇ ಅಲ್ಲೇ ಕೂತಿರತ್ತೆ. ಇನ್ನೊಂದು ಮೇಲಕ್ಕೆ ಹೊರಡತ್ತೆ. ಹೋಗ್ತಾ ಹೋಗ್ತಾ ಚಪ್ಪಟೆಯಾಗಿ, ಗಟ್ಟಿಯಾಗಿ, ಸತ್ತು, ಉದುರಿಹೋಗತ್ತೆ. ಸುಮಾರು ಒಂದು ತಿಂಗಳಲ್ಲಿ ಮೇಲಿನ ಚರ್ಮ ಪೂರ್ತಿ ಹೊಸದು. ತಾಯಿ ಮಾತ್ರ ಹಳೇದೇ."

"ಅಂದ್ರೆ ದಿನಾ ನಾನು ಕಸ ಗುಡಿಸೋದು ನಮ್ಮನ್ನೇ ಏನು?" ಎಂದರು ಬಸವಣ್ಣೆಮ್ಮ.

"ಅದರಲ್ಲಿ ಸ್ವಲ್ಪ ನಾವೇ ಅಜ್ಜಿ."

"ಅದಕ್ಕೇ ಎಷ್ಟು ಗುಡಿಸಿದ್ರೂ ಮುಗಿಯಂಗಿಲ್ಲ."

ನಾನು ನಿಲ್ಲಿಸಲಿಲ್ಲ. "ಈಗ ನೋಡಿ ಅಕ್ಕ, ನಿಮ್ಮ ಅಂಗೈಗೆ ಡಾಕ್ಟರು ಹಾಕಿರೋದು ತೊಡೆಯ ಚರ್ಮ ಅಲ್ವಾ? ಅದರ ಜೊತೆ ತಾಯಿ ಕೋಶಗಳೂ ತೊಡೆಯಿಂದಾನೇ ಬಂದವು. ಅಂಗೈಯ ಚರ್ಮಕ್ಕೆ ಕೂದಲು ಮಾಡೋದು ಗೊತ್ತೇ ಇಲ್ಲ, ಆದ್ರೆ ತೊಡೆಯದಕ್ಕೆ ಗೊತ್ತು. ಅದು ತನ್ನ ಪಾಡಿಗೆ ತಾನು ತೊಡೆಯ ಕೆಲಸ ಮಾಡ್ತಾ ಇದೆ."

"ಹಂಗಾರೆ ಇದು ಇನ್ನೂ ತೊಡೆಯೇ?" ಎಂದರು ಸರ್ವಮಂಗಳಕ್ಕ.

"ತೊಡೆಯೇ. ಎಲ್ಲಿಟ್ಟರೂ, ಎಷ್ಟು ವರ್ಷವಾದರೂ ಅದು ಮರೆಯೋದಿಲ್ಲ. ಅದೇ ಮಜಾ. ನಿಮ್ಮ ಈ ಬಸಳೆ ನೋಡಿ." ಪಂಪಿನ ಪಕ್ಕದ ಒಡಕು ಬಕೆಟ್ಟಿನಲ್ಲಿ ಅವರು ಹಚ್ಚಿದ್ದ ಬಸಳೆ ಗೋಡೆ ಹತ್ತಿತ್ತು. "ಬರೀ ದಂಟು ಮುರಿದು ನೆಟ್ಟಿದ್ದು ತಾನೇ? ಮಣ್ಣೊಳಗೆ ಹೋದ ಕಡೆ ಅದರ ಕೋಶಗಳು, ತಾವು ದಂಟು ಅನ್ನೋದನ್ನೇ ಮರೆತು ಬೇರಾದವು. ಗಿಡದ ಕೋಶಕ್ಕೆ ಹೊಸದಾಗಿ ಶುರು ಮಾಡೋಕೆ ಬರತ್ತೆ. ನಮ್ಮ ಮೈಯ ಕೋಶ ಒಂದು ಸಲ ಏನಾಯ್ತೋ ಅದೇ."

ಸರ್ವಮಂಗಳಕ್ಕ ಬಸಳೆಯ ಕಡೆ ಒಂದು ಕ್ಷಣ ನೋಡಿದರು. "ಗಿಡಕ್ಕೆ ವಾಸಿ," ಎಂದು ಎಡಗೈಯನ್ನು ಸೆರಗಿನೊಳಗೆ ತೆಗೆದುಕೊಂಡು ಒಳಗೆ ಹೋದರು. ಒಲೆ ಮೇಲೆ ಏನೋ ಇಟ್ಟಿರಬೇಕು ಎಂದುಕೊಂಡೆ.

ಆ ಮನೆಯಲ್ಲಿ ಮೇಲೆ ನಾವು, ಕೆಳಗೆ ಅವರು. ನಮ್ಮಪ್ಪ ರೈಲ್ವೆ ಅಕೌಂಟ್ಸಿನಲ್ಲಿ, ಅವರ ಯಜಮಾನರು ಮುರುಗೆಪ್ಪನವರು ಇನ್ಶೂರೆನ್ಸ್ ಆಫೀಸಿನಲ್ಲಿ. ಸುತ್ತ ಲಾಡ್ಜುಗಳು, ಮೆಸ್ಸುಗಳು, ಬ್ಯಾಚುಲರುಗಳು ಒಣಹಾಕಿದ ಲುಂಗಿಗಳು. ಅವುಗಳ ನಡುವೆ ದಾವಣಗೆರೆ ಕಡೆಯ ಒಂದು ಮನೆ ಇದೆ ಎಂದು ಬೀದಿಗೆ ಗೊತ್ತಾಗುತ್ತಿದ್ದುದು ಸರ್ವಮಂಗಳಕ್ಕನ ಎಣ್ಣೆಯ ಬಾಣಲೆಯಿಂದ. ಚಕ್ಕುಲಿ, ಕೋಡುಬಳೆ, ಖಾರದ ಶೇಂಗಾ. ಮದ್ರಾಸಿನ ಕನ್ನಡದ ಮನೆಗಳವರು ಮೈಲಾಪುರದಿಂದ, ಮಾಂಬಳದಿಂದ ಡಬ್ಬ ಹಿಡಿದು ಬರುತ್ತಿದ್ದರು.

ಸರ್ವಮಂಗಳಕ್ಕ ಮದುವೆಯಾಗಿ ಇಲ್ಲಿಗೆ ಬಂದದ್ದು ಅರವತ್ತೊಂಬತ್ತರಲ್ಲಿ. ಬಂದ ಹೊಸದರಲ್ಲಿ ತಮಿಳು ಒಂದಕ್ಷರ ಬರದೆ, ತರಕಾರಿಯವಳ ಎದುರು ಬೇಕಾದ ಕಾಯಿಯನ್ನು ಎತ್ತಿ ತೋರಿಸಿ ಸುಮ್ಮನೆ ನಿಲ್ಲುತ್ತಿದ್ದರಂತೆ. ಆ ತರಕಾರಿಯವಳು ಇವರನ್ನು ಮೂಗಿ ಎಂದು ತಿಳಿದು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕುತ್ತಿದ್ದಳಂತೆ. ತಮಿಳು ಕಲಿತ ಮೇಲೂ ಆ ಕೊತ್ತಂಬರಿಗಾಗಿ ಆರು ತಿಂಗಳು ಮೂಗಿಯಾಗಿಯೇ ಇದ್ದೆ ಎಂದು ಅವರೇ ಹೇಳುತ್ತಿದ್ದರು. ಅದನ್ನು ಹೇಳುವಾಗ ಮುಂಚೆಯೆಲ್ಲ ಅವರ ಹೊಟ್ಟೆ ಕುಣಿಯುವಂತೆ ನಗು ಬರುತ್ತಿತ್ತು. ಎಂಬತ್ತೊಂದರ ದೀಪಾವಳಿಯಾದ ಮೇಲೆ ಕತೆ ಉಳಿಯಿತು, ನಗು ಬರಲಿಲ್ಲ.

ಆ ದೀಪಾವಳಿಗೆ ಆರ್ಡರು ಜಾಸ್ತಿಯಿತ್ತು. ಬಲಗೈಯಲ್ಲಿ ಜಾಲರಿ ಸೌಟು ಹಿಡಿದು ಬಾಣಲೆಯ ಮೇಲೆ ಬಗ್ಗಿದ್ದರು. ಕೊರಳಲ್ಲಿ ಯಾವಾಗಲೂ ಇರುವ ಇಷ್ಟಲಿಂಗದ ಕರಡಿಗೆ, ಬೆಳ್ಳಿಯದು, ಅವರ ತವರಿನವರು ಕೊಟ್ಟದ್ದು. ಅದರ ಶಿವದಾರ ಎಣ್ಣೆಗೈ ತಾಕಿ ತಾಕಿ ಸವೆದಿತ್ತು. ಬಗ್ಗಿದಾಗ ಹರಿಯಿತು. ಕರಡಿಗೆ ಕಾದ ಎಣ್ಣೆಯೊಳಗೆ ಬಿತ್ತು.

ಬೇರೆ ಯಾರಾದರೂ ಸೌಟಿನಿಂದ ಎತ್ತುತ್ತಿದ್ದರು. ಸೌಟು ಕೈಯಲ್ಲೇ ಇತ್ತು. ಅವರು ಎಡಗೈ ಹಾಕಿದರು. ಎತ್ತಿ, ಮುಷ್ಟಿ ಬಿಗಿಹಿಡಿದರು. ನೆಲಕ್ಕಿಡುವಂತಿಲ್ಲ, ಎಂಜಲು ಮುಸುರೆ ತಾಕಿದ ಕಟ್ಟೆಯ ಮೇಲೂ ಇಡುವಂತಿಲ್ಲ. ಅಡುಗೆಮನೆ ದಾಟಿ, ಪೇಪರು ಓದುತ್ತಿದ್ದ ಮುರುಗೆಪ್ಪನವರ ಮುಂದೆ ಹಾದು, ದೇವರ ಗೂಡಿನವರೆಗೆ ನಡೆದು, ವಿಭೂತಿ ತಟ್ಟೆಯ ಮೇಲಿಟ್ಟು, ಆಮೇಲೆ ಮುಷ್ಟಿ ಬಿಚ್ಚಿದರು. ಬೆರಳುಗಳಿಗೆ ಬೊಬ್ಬೆ ಬಂದು ಕ್ರಮೇಣ ವಾಸಿಯಾಯಿತು. ಅಂಗೈಯ ನಡುವಿನ ಚರ್ಮ ಮಾತ್ರ ಬೆಳ್ಳಿಗೆ ಅಂಟಿಕೊಂಡು ಅಲ್ಲೇ ಉಳಿದಿತ್ತು.

"ಒಲೆ ಆರಿಸ್ರಿ, ಚಕ್ಕುಲಿ ಸೀದು ಹೋಗ್ತಾವೆ," ಎಂದರಂತೆ ಗಂಡನಿಗೆ. ನೋವಾಯಿತೇ ಎಂದು ನಾನು ಒಮ್ಮೆ ಕೇಳಿದ್ದೆ. "ಆಗ ಇಲ್ಲ. ಈಗ್ಲೂ ಇಲ್ಲ. ನಡುವೆ ಒಂದೆರಡು ತಿಂಗ್ಳು ಆತು," ಎಂದಿದ್ದರು.

ದೊಡ್ಡಾಸ್ಪತ್ರೆಯ ಡಾಕ್ಟರು ತೊಡೆಯ ಮೇಲ್ಭಾಗದಿಂದ ಚರ್ಮ ತೆಗೆದು ಅಂಗೈಗೆ ಹಾಕಿದರು. ಚೆನ್ನಾಗಿ ಕೂಡಿಕೊಂಡಿತು. ಮುಷ್ಟಿ ಮಡಿಸಬಹುದು, ಬಿಚ್ಚಬಹುದು. ಆದರೆ ಅಲ್ಲಿ ಏನು ತಾಕಿದರೂ ಗೊತ್ತಾಗುತ್ತಿರಲಿಲ್ಲ. ಬಿಸಿ ಪಾತ್ರೆಯನ್ನು ಎಡ ಅಂಗೈ ಮೇಲಿಟ್ಟುಕೊಂಡು ನಡೆದುಬಿಡುತ್ತಿದ್ದರು. "ನಮ್ಮನೇಲಿ ಮಸಿಬಟ್ಟೆ ಖರ್ಚಿಲ್ಲ," ಎಂದು ಬಸವಣ್ಣೆಮ್ಮ ತಮಾಷೆ ಮಾಡುತ್ತಿದ್ದರು. ಒಂದು ದಿನ ಆ ತೇಪೆಯ ಮೇಲೆ ಬೊಬ್ಬೆ ಎದ್ದು ಒಡೆದು ಸೀರೆಗೆ ಅಂಟಿದ್ದನ್ನು ನೋಡಿದ ಮೇಲೆ ಆ ತಮಾಷೆ ನಿಂತಿತು. ಕೋಡುಬಳೆ ಹೊಸೆದರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಡಬ್ಬ ತಂದವರು ಏನೂ ಹೇಳದೆ ಒಯ್ಯುತ್ತಿದ್ದರು.

ಇದೆಲ್ಲಕ್ಕಿಂತ ಮುಖ್ಯವಾಗಿ ಪೂಜೆ ಹೋಯಿತು. ದಿನಾ ಸ್ನಾನ ಮಾಡಿ, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ದಿಟ್ಟಿಸಿ ನೋಡುತ್ತ ಕೂರಬೇಕು. ಅದಾದ ಮೇಲೆಯೇ ಬಾಯಿಗೆ ಅನ್ನ. ಕೈಗೆ ಬ್ಯಾಂಡೇಜು ಇದ್ದಾಗ ಬೆಳ್ಳಿ ತಟ್ಟೆಯ ಮೇಲೆ ಲಿಂಗ ಇಟ್ಟು ಪೂಜೆ ಮಾಡು ಎಂದು ಬಸವಣ್ಣೆಮ್ಮನೇ ಹೇಳಿಕೊಟ್ಟರು. ಬ್ಯಾಂಡೇಜು ಬಿಚ್ಚಿ ಒಂದು ವರ್ಷದ ಮೇಲಾದರೂ ಲಿಂಗ ತಟ್ಟೆಯಿಂದ ಅಂಗೈಗೆ ಬಂದಿರಲಿಲ್ಲ. ಸುಟ್ಟ ಭಯ, ನಿಧಾನವಾಗಿ ಹೋಗುತ್ತದೆ ಎಂದು ಮನೆಯವರು ಸುಮ್ಮನಿದ್ದರು.

ಕೂದಲು ತೋರಿಸಿದ ನಾಲ್ಕು ದಿನಕ್ಕೆ ಬಸವಣ್ಣೆಮ್ಮ ನಮ್ಮ ಮೆಟ್ಟಿಲು ಹತ್ತಿ ಬಂದರು. ಮಂಡಿನೋವಿನಿಂದಾಗಿ ಅವರು ಮೇಲೆ ಬರುವುದೇ ಅಪರೂಪ. ಹೊಸ್ತಿಲಲ್ಲೇ ಕೂತು ಉಸಿರು ತೆಗೆದುಕೊಂಡು ಕೇಳಿದರು.

"ಏನವ್ವ ಉಷಾ, ನಮ್ಮ ಮಂಗಳಂಗೆ ಏನು ಪಾಠ ಹೇಳಿದೆ ನೀನು?"

"ಯಾಕಜ್ಜಿ?"

"ತಟ್ಟೆ ಪೂಜೆನೂ ನಿಲ್ಲಿಸಿದಾಳೆ. ಕರಡಿಗೆ ಕೊರಳಿಂದ ತೆಗೆದು ಗೂಡಿನ ಮೊಳೆಗೆ ಹಾಕಿದಾಳೆ. ಒಪ್ಪತ್ತು ಊಟ ಅಂತೆ. ಅದೂ ನಾನು ಬೈದಿದ್ದಕ್ಕೆ. ರಾತ್ರಿ ನಮಗೆ ಬಡಿಸಿ, ತಾನು ಒಂದು ಲೋಟ ನೀರು ಕುಡಿದು ಮಲಗ್ತಾಳೆ."

ನಮ್ಮಮ್ಮ ಕಾಫಿ ತಂದಿಟ್ಟು ನನ್ನ ಕಡೆ ನೋಡಿದರು.

"ನಿನ್ನೆ ಹಿಡಿದು ಕೂರಿಸಿ ಕೇಳಿದೆ," ಎಂದರು ಬಸವಣ್ಣೆಮ್ಮ. "ಭಯ ಏನೇ ನಿಂಗೆ ಅಂದೆ. ಭಯ ಅಲ್ಲ ಅತ್ತೆ ಅಂದ್ಲು. ಲಿಂಗ ನಾಭಿಯಿಂದ ಕೆಳಗೆ ಇಳಿಸಬಾರ್ದು ಅಂತ ನೀವೇ ಹೇಳಿದೀರಿ. ತೊಡೆ ಮೇಲೆ ಹೆಂಗೆ ಇಡ್ಲಿ? ಇಷ್ಟು ದಿನ ಚರ್ಮ ಹೊಸದಾಗಿ ಬರ್ತೈತೆ, ಕೈಯಾಗ್ತೈತೆ ಅಂತ ಕಾಯ್ತಿದ್ದೆ. ಉಷಾ ಓದಿದೋಳು, ಯಾವತ್ತೂ ಆಗಂಗಿಲ್ಲ ಅಂದ್ಲು. ಹಿಂಗಂದ್ಲು. ಅಳಲೂ ಇಲ್ಲ, ಸಿಟ್ಟೂ ಇಲ್ಲ. ಸುಮ್ನೆ ರೇಷನ್ ಅಂಗಡೀಲಿ ಸಕ್ಕರೆ ಇಲ್ಲ ಅನ್ನಂಗೆ ಹೇಳಿದ್ಲು."

"ಅಜ್ಜಿ, ನಾನು ಕೂದಲಿನ ವಿಷಯ..."

"ಗೊತ್ತವ್ವ. ನಿನ್ನ ಮೇಲೆ ಸಿಟ್ಟಿಲ್ಲ. ನಾನೂ ಹೇಳಿದೆ, ಮೈಯೆಲ್ಲಾ ಒಂದೇ ಮೈ ಕಣೇ, ಶಿವ ಟೇಪು ಹಿಡಿದು ಅಳೀತಾನಾ ಅಂತ. ನನ್ನ ಮಾತು ಹಳೇದು, ನಡೆಯಂಗಿಲ್ಲ. ನೀನು ಹೇಳಿದ್ದು ಪುಸ್ತಕದ್ದು. ಪುಸ್ತಕದಾಗೆ ಮುಂದೆ ಏನಾದ್ರೂ ಐತಾ ನೋಡು. ಒಂದೇ ಪುಟ ಓದಿ ಬಂದು ಹೇಳಿರ್ತೀಯ, ನಮ್ಮನೆಯವ್ರೂ ಹಂಗೇ ಪಂಚಾಂಗ ಓದ್ತಿದ್ರು." ಕಾಫಿ ಮುಗಿಸಿ, ಮಂಡಿ ಹಿಡಿದು ಎದ್ದರು.

ಮರುದಿನ ಪ್ರಾಕ್ಟಿಕಲ್ಸ್ ಮುಗಿದ ಕೂಡಲೇ ಜಲಜಾಕ್ಷಿ ಮಿಸ್ಸನ್ನು ಹಿಡಿದೆ. ಅವರು ಉಡುಪಿಯವರು. ಕ್ಲಾಸಿನಲ್ಲಿ ಬರೀ ಇಂಗ್ಲಿಷು, ಕಾರಿಡಾರಿನಲ್ಲಿ ನನ್ನ ಜೊತೆ ಮಾತ್ರ ಕನ್ನಡ. ಜಿರಲೆಯ ಟ್ರೇ ತೊಳೆಯುತ್ತ ಎಲ್ಲ ಕೇಳಿಸಿಕೊಂಡರು.

"ನೀನು ಅರ್ಧ ಹೇಳಿ ಬಂದದ್ದು ಮಾರಾಯ್ತಿ," ಎಂದರು. "ತೊಡೆಯ ಕೋಶ ಮರೆಯುವುದಿಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳಲಿಕ್ಕೆ ಆಗುವುದಿಲ್ಲ. ಕೋಳಿಮರಿಯ ಪ್ರಯೋಗ ಒಂದು ಉಂಟು. ಮೊಟ್ಟೆಯೊಳಗೆ ಮರಿ ಇನ್ನೂ ಸಣ್ಣದಿರುವಾಗ, ಕಾಲು ಒಂದು ಮೊಗ್ಗು, ರೆಕ್ಕೆ ಒಂದು ಮೊಗ್ಗು, ಅಷ್ಟೇ ಇರುವುದು. ಕಾಲಿನ ಮೊಗ್ಗಿನ ಬುಡದಲ್ಲಿ ಮುಂದೆ ತೊಡೆ ಆಗಬೇಕಾದ ತುಂಡು ಇರುತ್ತದಲ್ಲ, ಅದನ್ನು ತೆಗೆದು ರೆಕ್ಕೆ ಮೊಗ್ಗಿನ ತುದಿಗೆ ಇಟ್ಟರು. ಏನಾಯಿತು ಹೇಳು?"

"ರೆಕ್ಕೆ ತುದಿಯಲ್ಲಿ ತೊಡೆ."

"ಅಲ್ಲ."

"ಹಾಗಾದರೆ ರೆಕ್ಕೆ."

"ಅದೂ ಅಲ್ಲ. ಕಾಲಿನ ಬೆರಳು. ಉಗುರು ಸಮೇತ."

ಮಿಸ್ಸು ಒದ್ದೆ ಬೆರಳಿನಿಂದ ಕಲ್ಲಿನ ಮೇಜಿನ ಮೇಲೆ ಗೀಚಿ ತೋರಿಸಿದರು. ತಾನು ಕಾಲಿನದು ಎಂಬುದನ್ನು ಆ ತುಂಡು ಮರೆಯಲಿಲ್ಲ. ಆದರೆ ಈಗ ತುದಿಯಲ್ಲಿದ್ದೇನೆ, ಬುಡದಲ್ಲಿಲ್ಲ ಎಂಬುದು ಸುತ್ತಲಿನವರಿಂದ ಅದಕ್ಕೆ ತಿಳಿಯಿತು. ಎಲ್ಲಿಂದ ಬಂದೆ ಎಂಬುದನ್ನೂ ಇಟ್ಟುಕೊಂಡಿತು, ಎಲ್ಲಿದ್ದೇನೆ ಎಂಬುದನ್ನೂ ಕೇಳಿಸಿಕೊಂಡಿತು. ನನಗೆ ಆ ಮೇಜನ್ನೇ ಎತ್ತಿಕೊಂಡು ಮನೆಗೆ ಓಡಬೇಕೆನಿಸಿತು.

"ನಿಲ್ಲು, ಓಡಬೇಡ. ಅದು ಮೊಟ್ಟೆಯೊಳಗಿನ ಮರಿ, ಎಳೆಯದು, ಬಗ್ಗುತ್ತದೆ. ನಿಮ್ಮ ಸರ್ವಮಂಗಳಮ್ಮ ನಲವತ್ತರ ಹತ್ತಿರದವರು. ಅವರ ಚರ್ಮಕ್ಕೆ ಅಷ್ಟು ಕೇಳಿಸುತ್ತದೆ ಅಂತ ನಾನು ಹೇಳುವುದಿಲ್ಲ, ನೀನೂ ಹೇಳಬೇಡ. ಆದರೆ ಇನ್ನೊಂದು ಉಂಟು. ಅದು ಪ್ರಯೋಗ ಅಲ್ಲ, ಅವರ ಕೈಯಲ್ಲೇ ನಡೆಯುವುದು. ತೊಡೆಯ ಚರ್ಮ ತಂದಾಗ ಅದರ ನರ ಕತ್ತರಿಸಿ ಹೋಯಿತು. ಹೊಸ ನರ ಎಲ್ಲಿಂದ ಬರಬೇಕು?"

"ಕೆಳಗಿಂದ."

"ಕೆಳಗೆ ಯಾರದ್ದು?"

"ಕೈಯದ್ದು," ಎಂದೆ.

"ಅಷ್ಟೇ. ಬಂದರೆ ಬಹಳ ನಿಧಾನ, ಅಂಚಿನಿಂದ ಒಳಗೆ. ಎಲ್ಲರಿಗೂ ಪೂರ್ತಿ ಬರುವುದಿಲ್ಲ. ಒಂದು ಹೇರ್‌ಪಿನ್ ತಕೊಂಡು ಹೋಗಿ ಮುಟ್ಟಿ ನೋಡು. ಇನ್ನು ಮುಂದೆ ಪಾಠ ಮಾಡುವ ಮೊದಲು ಕೈ ಹಿಡಿದು ನೋಡುವುದು ಕಲಿ."

ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಫುಟ್‌ಬೋರ್ಡಿನ ಹತ್ತಿರ ಸಿಕ್ಕಿಕೊಂಡು, ಕೈಯದ್ದು ಕೈಯದ್ದು ಎಂದು ಒಬ್ಬಳೇ ಹೇಳಿಕೊಳ್ಳುತ್ತ ಬಂದೆ.

ಅವರ ಮನೆಗೆ ಹೋದದ್ದು ಸೋಮವಾರ ಬೆಳಿಗ್ಗೆ. ನೀರಿನ ಲಾರಿ ಬಂದು ಹೋಗಿತ್ತು, ಅಂಗಳದ ತುಂಬ ಕೊಡಗಳು. ಸರ್ವಮಂಗಳಕ್ಕ ಸ್ನಾನ ಮುಗಿಸಿ, ಒದ್ದೆ ತಲೆಗೆ ಟವೆಲ್ ಸುತ್ತಿ, ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಕೊರಳು ಬರಿದಾಗಿತ್ತು. ದೇವರ ಗೂಡಿನ ಮೊಳೆಯಲ್ಲಿ ಕರಡಿಗೆ ಹೊಸ ದಾರದಲ್ಲಿ ನೇತಾಡುತ್ತಿತ್ತು.

ನಾನು ಒಂದೇ ಉಸಿರಿಗೆ ಕೋಳಿಮರಿಯ ವಿಷಯ ಶುರು ಮಾಡಿದೆ.

"ಏ, ದೇವರ ಗೂಡಿನ ಮುಂದೆ ಮೊಟ್ಟೆ ಗಿಟ್ಟೆ ಬ್ಯಾಡ. ಇತ್ಲಾಗೆ ಬಂದು ಹೇಳು," ಎಂದು ಬಸವಣ್ಣೆಮ್ಮ ನನ್ನನ್ನು ಕಿಟಕಿಯ ಹತ್ತಿರ ಕೂರಿಸಿದರು. ಅಲ್ಲಿಂದ ಮುಂದುವರಿಸಿದೆ. ತೊಡೆ, ರೆಕ್ಕೆ, ಕೊನೆಗೆ ಬೆರಳು.

ಸರ್ವಮಂಗಳಕ್ಕ ಅಕ್ಕಿಯಿಂದ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟರು. "ಅಂದ್ರೆ ಅತ್ಲಾಗೆ ತೊಡೆನೂ ಅಲ್ಲ, ಇತ್ಲಾಗೆ ರೆಕ್ಕೆನೂ ಅಲ್ಲ."

"ಹೌದಕ್ಕ."

"ಪಾಪ, ಅದು ಹಾರೋದಾದ್ರೂ ಹೆಂಗೆ," ಎಂದು ಮತ್ತೆ ಅಕ್ಕಿಯ ಕಡೆ ತಿರುಗಿದರು.

ಆ ಮಾತು ಕೇಳಿ ನನ್ನ ಉತ್ಸಾಹ ಅರ್ಧ ಇಳಿಯಿತು. ಮೆಲ್ಲಗೆ ನರದ ವಿಷಯ ಹೇಳಿದೆ. ಚರ್ಮ ತೊಡೆಯದು, ಅದು ಸುಳ್ಳಲ್ಲ, ಕೂದಲು ಇನ್ನೂ ಬರಬಹುದು. ಆದರೆ ಅದರೊಳಗೆ ಬೆಳೆಯುವ ನರ ಕೈಯದು. ಅಲ್ಲಿ ಏನಾದರೂ ತಾಕಿದ್ದು ಗೊತ್ತಾದರೆ, ಅದು ಗೊತ್ತಾಗುವುದು ತೊಡೆಗಲ್ಲ, ಕೈಗೆ.

ಅವರು ಮೊರ ಕೆಳಗಿಟ್ಟರು. "ನಂಗೆ ಅಲ್ಲಿ ಏನೂ ಗೊತ್ತಾಗಂಗಿಲ್ಲ ಉಷಾ."

"ಕೊನೇ ಸಲ ನೋಡಿದ್ದು ಯಾವಾಗ?"

"ಡಾಕ್ಟ್ರು ನೋಡಿದ್ದೇ. ಹೋದ ವರ್ಷ. ಆಮ್ಯಾಲೆ ಯಾಕೆ ನೋಡ್ಲಿ?"

"ಅಂಗೈ ಹುಣ್ಣಿಗೆ ಕನ್ನಡಿ ಬ್ಯಾಡ ಅಂತಾರೆ," ಎಂದರು ಬಸವಣ್ಣೆಮ್ಮ. "ನಿಂದಕ್ಕೆ ಕನ್ನಡಿನೂ ಬೇಕು, ಕಾಲೇಜೂ ಬೇಕು. ಕೊಡೇ ಕೈ."

ಸರ್ವಮಂಗಳಕ್ಕ ಕಣ್ಣು ಮುಚ್ಚಿ ಕೈ ಕೊಟ್ಟರು. ನಾನು ಹೇರ್‌ಪಿನ್ನಿನ ಮೊಂಡು ತುದಿಯಿಂದ ನಡುವೆ ಮುಟ್ಟಿದೆ.

"ಈಗ?"

"ಇಲ್ಲ."

ಬೆರಳುಗಳ ಬುಡದ ಕಡೆ ಸರಿಸಿದೆ. ಇಲ್ಲ. ಕಿರುಬೆರಳಿನ ಕಡೆ. ಇಲ್ಲ. ಮಣಿಕಟ್ಟಿನ ಕಡೆ. ಅವರು ಒಂದೇ ದನಿಯಲ್ಲಿ ಇಲ್ಲ, ಇಲ್ಲ ಎನ್ನುತ್ತಿದ್ದರು, ತರಕಾರಿಯವಳು ಬಂದಾಗ ಒಳಗಿನಿಂದ ಬೇಡ ಎನ್ನುವಂತೆ. ಹೆಬ್ಬೆರಳಿನ ದಿಬ್ಬದ ಕಡೆಗೆ, ಹೊಲಿಗೆಯ ಗೆರೆಯಿಂದ ಸ್ವಲ್ಪ ಒಳಗೆ, ತೊಡೆಯ ಚರ್ಮದ ಮೇಲೆಯೇ ಪಿನ್ ಇಟ್ಟೆ.

ಅವರು ಕೇಳಿಸಿಕೊಳ್ಳುವವರಂತೆ ತಲೆ ವಾಲಿಸಿದರು.

"ಅಕ್ಕ, ಈಗ?"

"ಏನೋ ಐತೆ."

ಕಣ್ಣು ತೆರೆಯಬೇಡಿ ಎಂದೆ. ಪಿನ್ ಎತ್ತಿ, ಸುಮ್ಮನೆ ಗಾಳಿಯಲ್ಲಿ ಹಿಡಿದು, ಈಗ ಎಂದೆ.

"ಈಗ ನೀನು ಮುಟ್ಟಿಲ್ಲ," ಎಂದರು.

ಮತ್ತೆ ಮುಟ್ಟಿದೆ. "ಈಗ ಮುಟ್ಟಿದೆ." ಎಡಕ್ಕೆ ಸರಿಸಿದೆ. "ಇಲ್ಲ." ವಾಪಸು. "ಹೂಂ, ಅಲ್ಲಿ." ಹೀಗೆ ಹುಡುಕುತ್ತ ಹುಡುಕುತ್ತ, ಗೊತ್ತಾಗುವ ಕಡೆಗೂ ಗೊತ್ತಾಗದ ಕಡೆಗೂ ನಡುವೆ ಬಾಲ್‌ಪೆನ್ನಿನಿಂದ ಗೀಟು ಎಳೆದೆ. ಹೆಬ್ಬೆರಳಿನ ಪಕ್ಕದಲ್ಲಿ ಉಗುರಿನ ಚೂರಿನಂಥ ಒಂದು ಜಾಗ. ಅಷ್ಟೇ. ಉಳಿದ ಅಂಗೈ ಮೊದಲಿನಂತೆಯೇ ಮರಗಟ್ಟಿತ್ತು. ನನಗೆ ಮಾತ್ರ ಆ ಗೀಟು ಸಮುದ್ರದ ಅಲೆ ಮರಳಿನ ಮೇಲೆ ಎಲ್ಲಿಯವರೆಗೆ ಬಂದಿತೆಂದು ತೋರಿಸುವ ಒದ್ದೆ ಗೆರೆಯಂತೆ ಕಂಡಿತು.

ಸರ್ವಮಂಗಳಕ್ಕ ಕಣ್ಣು ತೆರೆದು ಗೀಟನ್ನು ನೋಡಿದರು. ಬಲಗೈ ಬೆರಳಿನಿಂದ ಆ ಜಾಗವನ್ನು ತಾವೇ ಒಮ್ಮೆ ಒತ್ತಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಇದು ತೊಡೆ ಚರ್ಮದ ಮೇಲೇ ಐತಲ್ಲ."

"ಹೌದು."

"ಗೊತ್ತಾಗಿದ್ದು ಕೈಗೆ."

"ಕೈಗೆ."

ಅವರು ಎದ್ದರು. ಗೂಡಿನ ಹತ್ತಿರ ಹೋಗಿ ನಿಂತರು. ಬಹಳ ಹೊತ್ತು ಮೊಳೆಯನ್ನೇ ನೋಡುತ್ತಿದ್ದರು. ಬಸವಣ್ಣೆಮ್ಮ ನನ್ನ ಮೊಣಕೈ ಹಿಡಿದು ಒತ್ತಿದರು, ಬಾಯಿ ಬಿಡಬೇಡ ಎಂದು. ತಾವು ಮಾತ್ರ ಬಿಟ್ಟರು.

"ನಡುವೆ ಗೊತ್ತಾಗಂಗಿಲ್ಲ ಅಂತ ಯೋಚನೆ ಮಾಡಬ್ಯಾಡ. ಐವತ್ತು ವರ್ಷದಿಂದ ನನ್ನ ಕೈ ಚೆನ್ನಾಗೇ ಐತೆ. ಎಷ್ಟೋ ದಿನ ಲಿಂಗ ಇಟ್ಕಂಡು ಕೂತಿರ್ತೀನಿ, ತಲೇಲಿ ಸಾರಿಗೆ ಉಪ್ಪು ಹಾಕಿದೆನೋ ಇಲ್ವೋ ಅನ್ನೋದೇ ಓಡ್ತಿರ್ತೈತೆ."

"ಅದಕ್ಕೇ ಎರಡು ಸಲ ಹಾಕಿರ್ತೀರಿ," ಎಂದರು ಸರ್ವಮಂಗಳಕ್ಕ, ತಿರುಗದೆ.

ಆಮೇಲೆ ಕರಡಿಗೆಯನ್ನು ಮೊಳೆಯಿಂದ ತೆಗೆದರು. ಚಾಪೆ ಹಾಸಿ ಕೂತು, ಮುಚ್ಚಳ ಬಿಚ್ಚಿ, ಲಿಂಗವನ್ನು ಬಲಗೈಯಲ್ಲಿ ಎತ್ತಿ, ಎಡ ಅಂಗೈಯ ಮೇಲೆ, ಸರಿಯಾಗಿ ನಡುವೆ, ಆ ಎರಡು ಮೋಟು ಕೂದಲಿದ್ದ ಜಾಗದಲ್ಲಿ ಇಟ್ಟರು. ಬಸವಣ್ಣೆಮ್ಮ ನೀರಿನ ತಂಬಿಗೆಯನ್ನೂ ವಿಭೂತಿಯನ್ನೂ ಪಕ್ಕಕ್ಕೆ ಸರಿಸಿಕೊಟ್ಟರು. ನೀರು ಬಿತ್ತು, ವಿಭೂತಿ ಹಚ್ಚಿದ್ದಾಯಿತು. ಆಮೇಲೆ ಸರ್ವಮಂಗಳಕ್ಕ ಅಂಗೈಯನ್ನು ಎದೆಯ ಮಟ್ಟಕ್ಕೆತ್ತಿ ನೋಡುತ್ತ ಕೂತರು, ಬಸ್ ಸ್ಟಾಪಿನಲ್ಲಿ ಹದಿಮೂರನೇ ನಂಬರಿಗೆ ಕಾಯುವವರಂತೆ, ಬಂದರೆ ಬರಲಿ ಎಂಬಂತೆ.

ಹೊರಗೆ ಯಾರೋ ಕೊಡ ಎಳೆದ ಸದ್ದಾಯಿತು. ಅಂಗೈ ಒಂದಿಷ್ಟು ಹೆಬ್ಬೆರಳಿನ ಕಡೆಗೆ ವಾಲಿತು. ಒದ್ದೆಯಾದ ಲಿಂಗ ಸರಿದು ಪೆನ್ನಿನ ಗೀಟಿಗೆ ತಾಗಿ ನಿಂತಿತು.

"ತಣ್ಣಗೈತೆ," ಎಂದರು.

"ಎಲ್ಲಿ?" ಎಂದರು ಬಸವಣ್ಣೆಮ್ಮ.

"ಅಂಚಿಗೆ."

"ನಡುವೆ?"

"ನಡುವೆ ಏನೂ ಇಲ್ಲ."

ಅಷ್ಟೇ ಮಾತು. ಕೈಯನ್ನು ನೆಟ್ಟಗೆ ಮಾಡಿಕೊಂಡು ಪೂಜೆ ಮುಗಿಸಿದರು. ಲಿಂಗವನ್ನು ಒರೆಸಿ, ಕರಡಿಗೆಯಲ್ಲಿಟ್ಟು, ಕೊರಳಿಗೆ ಹಾಕಿಕೊಂಡು, ಹೊಸ ದಾರದ ಗಂಟನ್ನು ಎರಡು ಸಲ ಎಳೆದು ನೋಡಿದರು. ಆಮೇಲೆ ಮೊರ ಎತ್ತಿಕೊಂಡು, ಬಿಟ್ಟ ಜಾಗದಿಂದ ಅಕ್ಕಿ ಆರಿಸತೊಡಗಿದರು. ನಾನು ಏನಾದರೂ ಆಗುತ್ತದೆ, ಅಳುತ್ತಾರೆ, ಇಲ್ಲವೇ ಆ ಕೊತ್ತಂಬರಿಯ ನಗು ನಗುತ್ತಾರೆ ಎಂದು ಕಾಯುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಸಿಗುತ್ತಲೇ ಇತ್ತು.

ಬಸವಣ್ಣೆಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. "ಮಂಗಳಾ, ರಾತ್ರಿಗೆ ನಿಂದೂ ಸೇರಿಸಿ ಅಕ್ಕಿ ಅಳೀಲಾ?"

ಸರ್ವಮಂಗಳಕ್ಕ ಇನ್ನೊಂದು ಕಲ್ಲು ತೆಗೆದು ಪಕ್ಕಕ್ಕಿಟ್ಟರು.

"ಅಳೀರಿ," ಎಂದರು.

ನನ್ನ ಬಸ್ಸಿಗೆ ಹೊತ್ತಾಗಿತ್ತು. ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟುವಾಗ ಅವರು ಹಿಂದಿನಿಂದ ಕರೆದರು.

"ಈ ಗೀಟು ಅಳಿಸಿ ಹೋದ್ರೆ?"

"ದಿನಾ ಮೇಲೆ ಮೇಲೆ ತಿದ್ದಿ ಅಕ್ಕ. ಜಾಗ ಮಾತ್ರ ಆಚೀಚೆ ಆಗಬಾರದು. ಒಳಗೆ ಸರಿದಿದೆಯಾ ಅಂತ ಆಮೇಲೆ ಗೊತ್ತಾಗಬೇಕಲ್ಲ. ಮಿಸ್ಸು ಹೇಳಿದ್ರು, ತುಂಬಾ ನಿಧಾನವಂತೆ, ಒಂದು ವಾರಕ್ಕೆ ಏನೂ ಕಾಣಿಸದೇನೂ ಇರಬಹುದು."

"ಕಾಣಿಸದಿದ್ರೆ ಬ್ಯಾಡ. ಪೆನ್ನು ಇಲ್ಲೇ ಬಿಟ್ಟು ಹೋಗು." ಕೊಟ್ಟೆ. ಅದನ್ನು ದೇವರ ಗೂಡಿನಲ್ಲಿ ವಿಭೂತಿ ತಟ್ಟೆಯ ಪಕ್ಕದಲ್ಲಿ ಇಟ್ಟರು. "ಬರೋ ಸೋಮವಾರ ಇದೇ ಹೊತ್ತಿಗೆ ಬಾ, ಸ್ನಾನ ಆಗಿರ್ತೈತೆ. ಅದೇ ಪಿನ್ ತಗಂಡು ಬಾ. ಕೋಳಿ ಬ್ಯಾಡ."